ಪರದೆಯ ಮೇಲೆ ಎರಡು ಹೆಸರು

ಮದುವೆ ಮಂಟಪ ಹಾಕುತ್ತ ಊರೂರು ತಿರುಗುವವನು ನಾನು. ಭೋಜ ಎಂಬ ಊರಿನ ಮದುವೆಯೊಂದರಲ್ಲಿ ಮದುಮಗಳ ತಂಗಿ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದಳು. ಎಂಬಿಎ ಓದುವವಳು. ದೊಡ್ಡ ಕೆಲಸವೊಂದನ್ನು ವೇಳೆಗೆ ಸರಿಯಾಗಿ ಮುಗಿಸುವುದು ಹೇಗೆ ಎಂದು ವಿಶ್ವವಿದ್ಯಾಲಯದಲ್ಲಿ ಪ್ರೆಸೆಂಟೇಶನ್ ಕೊಡಬೇಕಿತ್ತಂತೆ.

“ನೆಟ್‌ನಾಗ ರೆಡಿ ಸಿಗತೈತಿ, ಹೆಸರಷ್ಟ ಬದಲಿ ಮಾಡವಾ,” ಎಂದು ಅವಳ ಸೋದರಮಾವ ನಕ್ಕ. ಆಕೆ ಒಪ್ಪಲಿಲ್ಲ. ನನ್ನತ್ತ ತಿರುಗಿ, “ಅಣ್ಣಾರ, ಇಷ್ಟೆಲ್ಲಾ ಹೆಂಗ ವ್ಯಾಳ್ಯಾಕ್ಕ ಮುಗಸ್ತೀರಿ?” ಎಂದಳು.

“ಮುಹೂರ್ತದ ಅಕ್ಕಿಕಾಳು ಬೀಳೂ ಹೊತ್ತಿನಿಂದ ಹಿಂದಕ್ಕ ಲೆಕ್ಕಾ ಹಾಕೋದ್ರಿ. ಅದಕ್ಕಿಂತ ಮೊದಲ ಹೂವು, ಹೂವಿಗಿಂತ ಮೊದಲ ಲೈಟು, ಲೈಟಿಗಿಂತ ಮೊದಲ ಕಂಬ.”

ಬರೆದುಕೊಂಡು ನನ್ನ ಹೆಸರು ಕೇಳಿದಳು. ನಾನು ಗಾಬರಿಯಾದೆ. “ಹೆಸರ್ಯಾಕ್ರಿ? ಮಂಟಪೇನು ಬಿದ್ದಿಲ್ಲಲ್ಲ!”

“ನಿಮ್ಮ ಮಾತು ನಂದಂತ ಹೇಳಿದ್ರ ಕಳವು ಮಾಡಿದಂಗ್ರಿ. ಯಾರು ಹೇಳಿದ್ರಂತ ಬರೀಬೇಕು.”

ಶಾಲೆ ಅರ್ಧಕ್ಕೆ ಬಿಟ್ಟವನ ಹೆಸರು ವಿಶ್ವವಿದ್ಯಾಲಯದ ಪರದೆಯ ಮೇಲೆ! ಎದೆಯುಬ್ಬಿಸಿ ಹೇಳಿಯೂಬಿಟ್ಟೆ. ಆದರೆ ಮನಸ್ಸು ತಡೆಯಲಿಲ್ಲ. “ನಿಲ್ಲವಾ ತಂಗಿ. ಈ ಲೆಕ್ಕಾ ನಂದಲ್ಲ, ಅಥಣಿಯ ದಸ್ತಗೀರ್ ಉಸ್ತಾದರು ಕಲಿಸಿದ್ದು.”

ಆಕೆ ಉಸ್ತಾದರ ಹೆಸರು ಮೇಲೆ, ಹೇಳಿದವನೆಂದು ನನ್ನದು ಕೆಳಗೆ ಹಾಕಿದಳು. ಪ್ರೆಸೆಂಟೇಶನ್ ಮುಗಿದ ಮೇಲೆ ಆ ಪರದೆಯ ಫೋಟೋ ಕಳಿಸಿದಳು. ಅದನ್ನು ಅಥಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ. ಉಸ್ತಾದರು ಕನ್ನಡಕ ಏರಿಸಿ ನೋಡಿ, “ನಾ ಮ್ಯಾಲ, ನೀ ಕೆಳಗ. ಹುಡುಗಿ ಶಾಣ್ಯಾಕಿ ಅದಾಳ ಬಿಡಲೇ,” ಎಂದರು.

ಅವತ್ತು ಇಬ್ಬರೂ ಕೂಡಿ ಮಂಟಪವೊಂದಕ್ಕೆ ಏಣಿ ಹಚ್ಚಿದಾಗ ಮಾತ್ರ ನನ್ನನ್ನೇ ಮೇಲೆ ಹತ್ತಿಸಿ, ತಾವು ಕೆಳಗೆ ನಿಂತರು.