ರದ್ದಾದ ಮೊದಲ ಬಿಲ್ಲು

ಒಟ್ಟು ಹತ್ತು ಸಾವಿರದ ಎಂಟು ನೂರು ರೂಪಾಯಿ. ಸುರಪುರದಲ್ಲಿ ಬಾಗಿಲು ಮುಚ್ಚಿದ ಸೈಬರ್ ಕೆಫೆಯೊಂದರ ಹಳೆಯ ಕಂಪ್ಯೂಟರಿಗೆ ಏಳು ಸಾವಿರ (ಕೆಫೆಯವನು ಕೇಳಿದ್ದು ಹನ್ನೊಂದು), ಬ್ಯಾಟರಿಗೆ ಮೂರೂವರೆ ಸಾವಿರ, ವೈರು ಗಿಯರು ಅಂತ ಮುನ್ನೂರು. ಲೆಕ್ಕದ ಸಾಫ್ಟ್‌ವೇರಿಗೆ ಸೊನ್ನೆ. ಅದು ಓಪನ್ ಸೋರ್ಸ್; ಊರ ಬಾವಿಯ ಹಾಗೆ, ಹಗ್ಗ ಕೊಡ ನಿಮ್ಮದಿದ್ದರೆ ನೀರು ಪುಕ್ಕಟೆ.

ಇಷ್ಟೆಲ್ಲ ಯಾಕೆಂದರೆ, ಅದಕ್ಕೂ ಮೊದಲು ಲೆಕ್ಕದ ಸಾಫ್ಟ್‌ವೇರು ಮಾರುವವನೊಬ್ಬ ಬಂದು ವರ್ಷಕ್ಕೆ ಹದಿನೆಂಟು ಸಾವಿರ ಕೇಳಿದ್ದ. ನನ್ನ ಲೆಕ್ಕ ಅವರ ಕಂಪ್ಯೂಟರಿನಲ್ಲಿ ಎಲ್ಲೋ ದೂರ ಇರುತ್ತದಂತೆ, ಬಾಡಿಗೆ ಮಾತ್ರ ನಾನು ಕೊಡಬೇಕಂತೆ. ಶಹಾಪುರದಲ್ಲಿ ಶಾಮಿಯಾನ, ಕುರ್ಚಿ, ಹಂಡೆ ಬಾಡಿಗೆಗೆ ಕೊಟ್ಟೇ ಬದುಕು ಕಟ್ಟಿಕೊಂಡವಳು ನಾನು. ಎರಡು ಹಂಡೆ, ಹನ್ನೆರಡು ಕುರ್ಚಿಯಿಂದ ಸುರು ಮಾಡಿದವಳು. ನನಗೇ ಬಾಡಿಗೆ ಹಾಕುವುದೇ? ನಮ್ಮ ದಫ್ತರ ನಮ್ಮ ಅಂಗಡಿಯಲ್ಲೇ ಇರಲಿ ಎಂದೆ.

ಯಾದಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ರೇಣುಕಾ ಮೇಡಂ ಫೋನಿನಲ್ಲೇ ಹೇಳಿಕೊಡುವುದಾಗಿ ಒಪ್ಪಿದರು. ಕೂಲಿ, ಅವರ ಮನೆ ಓಪನಿಂಗಿಗೆ ನೂರು ಕುರ್ಚಿ. (ಇನ್ನೂರು ಕೇಳಿದ್ದರು.) ಎರಡು ದಿನ ನಾನು ಕಪ್ಪು ಪರದೆಯ ಮುಂದೆ ಕೂತು, ಅವರು ಹೇಳಿದ ಅಕ್ಷರಗಳನ್ನು ಅರ್ಥ ತಿಳಿಯದೆ ಒಂದೊಂದಾಗಿ ಒತ್ತಿದೆ. ಮಂತ್ರ ಹೇಳಿಸಿಕೊಂಡವರಿಗೂ ಹೀಗೇ ಇರುತ್ತದೇನೋ. ಏನು ಹೇಳುತ್ತಿದ್ದೇವೆ ಗೊತ್ತಿಲ್ಲ, ಆ ಕಡೆ ಯಾರೋ ಕೇಳುತ್ತಿದ್ದಾರೆ ಎಂಬುದು ಮಾತ್ರ ಗೊತ್ತು. ಮೂರನೆಯ ದಿನ ಬೆಳಿಗ್ಗೆ ಕಪ್ಪು ಹೋಗಿ ಬಿಳಿ ಬಂತು. ನಾನು ಏರಿಸಿದ್ದ ಹಳೆಯ ಗಿರಾಕಿಗಳೆಲ್ಲ ಹೆಸರು, ಫೋನ್ ನಂಬರಿನ ಸಮೇತ ಅದರ ಮೇಲೆ ಸಾಲಾಗಿ ನಿಂತಿದ್ದರು.

"ನೀಲಕ್ಕ, ಒಂದು ಸುಳ್ಳು ಬಿಲ್ಲು ಹಾಕಿ ನೋಡ್ರಿ," ಎಂದರು ಮೇಡಂ. "ಗಿರಾಕಿಗೆ ಹೋಗೋ ಮೆಸೇಜ್ ಮೊದಲು ಬಂದ್ ಮಾಡ್ರಿ ಮತ್ತ."

ನಾನು ಬಂದ್ ಮಾಡಲಿಲ್ಲ. ಮೊದಲ ನೂರು ಮೆಸೇಜು ಪುಕ್ಕಟೆ ಇದ್ದವು. ಪುಕ್ಕಟೆ ಬಂದದ್ದನ್ನು ಬಂದ್ ಮಾಡುವುದು ನನ್ನ ಕೈಗೆ ಬಂದ ವಿದ್ಯೆಯಲ್ಲ.

ಇನ್ನು ಸುಳ್ಳು ಬಿಲ್ಲು. ಮದುವೆಯ ಸುಳ್ಳು ಬಿಲ್ಲು ಬರೆದರೆ ಸೀಜನ್ನಿಗೇ ಕೇಡು; ಶುಭಕಾರ್ಯವನ್ನು ಸುಳ್ಳಾಗಿ ಬರೆಯಬಾರದು. ಹಾಗಾಗಿ 'ಮಣ್ಣು' ಎಂದು ಒತ್ತಿದೆ. ನಮ್ಮ ಧಂದೆಯಲ್ಲಿ ಅಂತ್ಯಕ್ರಿಯೆಗೆ ಇಷ್ಟೇ ಹೆಸರು. ಅದರ ಬಿಲ್ಲನ್ನು ತೀರಿಹೋದವರ ಹೆಸರಿಗೇ ಬರೆಯುತ್ತೇವೆ, ಯಾಕೆಂದರೆ ಯಾವ ಮಗ ರೊಕ್ಕ ಕೊಡಬೇಕೆಂಬುದು ಆ ಹೊತ್ತಿನಲ್ಲಿ ತೀರ್ಮಾನವಾಗಿರುವುದಿಲ್ಲ. ಯಾರ ಹೆಸರು ಹಾಕಲಿ? ಯಾರಿಗೂ ತಟ್ಟಬಾರದು. ಆದ್ದರಿಂದ ಊರಿನಲ್ಲೇ ಗಟ್ಟಿ ಮನುಷ್ಯನನ್ನು ಹುಡುಕಿದೆ. ನಿವೃತ್ತ ಶಿಕ್ಷಕ ಬಸವಂತರಾಯ ಮಾಸ್ತರರು, ಎಪ್ಪತ್ತರಲ್ಲೂ ದಿನಾ ಗುಡ್ಡ ಹತ್ತುವವರು. ಶಾಮಿಯಾನ ಒಂದು, ಕುರ್ಚಿ ಐವತ್ತು, ನೀರಿನ ಡ್ರಮ್ಮು ಎರಡು. ಒತ್ತಿದೆ. ಬಿಲ್ ನಂಬರ್ ಒಂದು, ಸಮಯ ಹನ್ನೊಂದು ಇಪ್ಪತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಚಹಾ ತರಿಸಿದೆ.

ಹನ್ನೆರಡು ದಾಟಿತ್ತು. ಮಾಸ್ತರರ ಹೆಂಡತಿ ಶಾಂತಮ್ಮ ಬರಿಗಾಲಿನಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಫೋನು. ಅಳುತ್ತಿರಲಿಲ್ಲ. ಬಹಳ ಮೆಲ್ಲಗೆ ಕೇಳಿದರು:

"ನೀಲವ್ವ, ಎಲ್ಲಿ ಇಟ್ಟೀರಿ ಅವ್ರನ್ನ?"

ಮಾಸ್ತರರ ಖಾತೆಯಲ್ಲಿದ್ದದ್ದು ಹೆಂಡತಿಯ ನಂಬರು. ಮಗಳ ಮದುವೆಯಲ್ಲಿ ಅದನ್ನೇ ಕೊಟ್ಟಿದ್ದರು. ಮೆಸೇಜಿನ ಒಕ್ಕಣೆ ನನ್ನದೇ: 'ಬಸವಂತರಾಯ ಮಾಸ್ತರ. ಕಾರ್ಯ: ಮಣ್ಣು. ಸಾಮಾನು ರವಾನೆಯಾಗಿದೆ. ಮತ್ತೆ ಸೇವೆಗೆ ಅವಕಾಶ ಕೊಡಿ.'

"ಯಮ್ಮಾ, ಅದು ಸುಳ್ಳು ಬಿಲ್ಲು. ಮಷಿನ್ ನೋಡಾಕ ಹಾಕಿದ್ದು."

"ಮಣ್ಣಿನ ಬಿಲ್ಲು ಸುಳ್ಳ ಯಾರರ ಬರೀತಾರೇನ? ನನಗ ಹೇಳಾಕ ಅಂಜಾಕತ್ತೀದಿ ನೀ."

ಮಾಸ್ತರರು ಬೆಳಿಗ್ಗೆಯೇ ಯಾದಗಿರಿಗೆ ಹೋಗಿದ್ದರು. ಪಿಂಚಣಿಯವರು ವರ್ಷಕ್ಕೊಮ್ಮೆ 'ಬದುಕಿದ್ದೇನೆ' ಎಂದು ಹೆಬ್ಬೆಟ್ಟು ಒತ್ತಬೇಕಲ್ಲ, ಆ ಕೆಲಸಕ್ಕೆ. ಹನ್ನೆರಡಕ್ಕೆಲ್ಲ ಬರಬೇಕಿತ್ತು, ಬಂದಿರಲಿಲ್ಲ. ಅವರ ಫೋನು ಮನೆಯಲ್ಲೇ ಚಾರ್ಜಿಗೆ ಬಿದ್ದಿತ್ತು.

ಕೊಳ್ಳುವವರನ್ನು ನಂಬಿಸಿಯೇ ಬದುಕಿದವಳು ನಾನು. ಅವತ್ತು ನನ್ನ ಹತ್ತಿರ ಇದ್ದದ್ದು ಅಪ್ಪಟ ನಿಜ, ಅದನ್ನು ಕೊಳ್ಳುವವರಿರಲಿಲ್ಲ. ನಾನು ಎಷ್ಟು ಹೇಳಿದೆನೋ ಅಷ್ಟೂ ಸಮಾಧಾನದ ಮಾತಿನ ಹಾಗೆ ಕೇಳಿಸಿತು. ಮಾತು ಸೋತು ಬಿಲ್ಲನ್ನು ಅಳಿಸಹೊರಟೆ. ಅಳಿಸಲು ಬರುವುದಿಲ್ಲ ಎಂದಿತು ಮಷಿನ್ನು. ಒಮ್ಮೆ ಬರೆದದ್ದು ಇರುತ್ತದೆ. ಬೇಕಾದರೆ ರದ್ದು ಮಾಡಬಹುದು. ಒಂದು ಗಂಟೆ ಐದು ನಿಮಿಷಕ್ಕೆ ರದ್ದು ಎಂದು ಒತ್ತಿದೆ. ಶಾಂತಮ್ಮನ ಅಂಗೈಯಲ್ಲಿ ಫೋನು ನಡುಗಿತು. ಓದಿ ತಲೆ ಎತ್ತಿದರು.

"ಮಣ್ಣು ರದ್ದಾತಂತ. ಅಂದ್ರ ಸುಡ್ತೀರೇನು?"

ನಾನು ಫೋನು ಕಸಿದು ಬಂದ್ ಮಾಡಿಟ್ಟೆ. ಆಮೇಲೆ ಇಬ್ಬರೂ ಬಸ್ಸಿನ ದಾರಿ ನೋಡುತ್ತ ಕೂತೆವು. ಎದುರಿಗೆ ನಮ್ಮ ಗುಡ್ಡ, ಮಲಗಿದ ಬುದ್ಧ ಎಂದು ಜನ ನಿಂತು ಫೋಟೋ ತೆಗೆಯುವ ಗುಡ್ಡ. ಅವತ್ತು ಆ ಮಲಗಿದ ಆಕಾರವನ್ನು ನೋಡಲು ನನಗೆ ಆಗಲಿಲ್ಲ, ಕುರ್ಚಿ ತಿರುಗಿಸಿದೆ. ಯಾದಗಿರಿಯ ಬಸ್ಸು ಬಂದಾಗೆಲ್ಲ ಶಾಂತಮ್ಮ ಎದ್ದು ನಿಲ್ಲುವರು, ಕೂರುವರು. ಮೂರು ಬಸ್ಸು ಬಂದವು. ನಾಲ್ಕನೆಯದರಿಂದ ಮಾಸ್ತರರು ಇಳಿದರು.

"ಫೋನ್ ಮನ್ಯಾಗ ಬಿಟ್ಟು ಹೋಗ್ತೀರೇನ್ರಿ? ಬುದ್ಧಿ ಅದನೋ ಇಲ್ಲೋ?" ಎಂದು ಜಗಳ ತೆಗೆದ ಶಾಂತಮ್ಮನಿಗೆ ಆಗ ಕಣ್ಣೀರು ಬಂತು.

ಮಾಸ್ತರರು ನನ್ನ ಬಿಲ್ಲನ್ನು ಕನ್ನಡಕ ಏರಿಸಿ ಓದಿದರು. "ಐವತ್ತ ಕುರ್ಚಿ? ನಲವತ್ತು ವರ್ಷ ಸಾಲಿ ಕಲಿಸೀನವ್ವ ನಾ. ಐವತ್ತೇ ಮಂದಿ ಬರ್ತಾರೇನು ನನ್ನ ಮಣ್ಣಿಗೆ?"

ನಕ್ಕೆವು. ಆಮೇಲೆ ಅವರು ತಡವಾದ ಕಾರಣ ಹೇಳಿದರು. "ಆ ಮಷಿನ್ ನನ್ನ ಹೆಬ್ಬೆಟ್ಟು ಒಲ್ಲೆ ಅಂತು. ಸುಣ್ಣದ ಕಡ್ಡಿ ಹಿಡದು ಸವದಾವಲ್ಲ ಬೆರಳು. ಹನ್ನೊಂದೂವರೆ ಸುಮಾರಿಗೆ ಮೂರು ಸಲ ಒತ್ತಿದೆ. ಇಲ್ಲ, ಇಲ್ಲ, ಇಲ್ಲ. ಊಟ ಮಾಡಿ ಬರ್ರಿ ಅಂದ್ರು. ಒಂದು ಹೊಡದ ಮ್ಯಾಲ ಹೋದೆ, ಒಮ್ಮಿಗೇ ತಗೊಂತು."

ಬಿಲ್ಲಿನ ಎರಡು ಸಮಯಗಳು ನನ್ನ ಪರದೆಯ ಮೇಲೆ ಇನ್ನೂ ಇದ್ದವು: ಹಾಕಿದ್ದು ಹನ್ನೊಂದು ಇಪ್ಪತ್ತಕ್ಕೆ, ರದ್ದಾದದ್ದು ಒಂದು ಐದಕ್ಕೆ. ಶಾಂತಮ್ಮ ಅವನ್ನು ನೋಡಿದರು, ನನ್ನನ್ನು ನೋಡಿದರು. "ಆ ರದ್ದಾದ ಬಿಲ್ಲು ಒಂದು ಕಾಗದದ ಮ್ಯಾಲ ತಗದು ಕೊಡವ್ವ," ಎಂದರು. ಈಗ ಅದು ಅವರ ದೇವರ ಜಗಲಿಯ ಮೇಲೆ ಇದೆ, ಕುಂಕುಮ ಹಚ್ಚಿಸಿಕೊಂಡು.

ನೀವೂ ಇಂಥ ಸಾಫ್ಟ್‌ವೇರು ಹಾಕಿಕೊಳ್ಳಿ, ಧೈರ್ಯವಾಗಿ. ಹಳೆಯ ಕಂಪ್ಯೂಟರು ಸಾಕು, ಬ್ಯಾಟರಿ ಮಾತ್ರ ಹೊಸದು ಕೊಳ್ಳಿ. ಪರೀಕ್ಷೆಗೆ ಇಲ್ಲದ ಹೆಸರು ಕಟ್ಟಿರಿ. ಬದುಕಿದವರ ಹೆಸರು ಬೇಡ, ಎಷ್ಟೇ ಗಟ್ಟಿ ಇರಲಿ. ಮೆಸೇಜು ಬಂದ್ ಮಾಡಿ. ಎಲ್ಲಕ್ಕಿಂತ ಮುಖ್ಯ, ಬ್ಯಾಕಪ್ಪಿನ ಮೇಲೆ ದಿನ, ಹೊತ್ತು ಬರೆದಿಡಿ. ನನ್ನ ಕಂಪ್ಯೂಟರು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ತಾನಾಗಿ ಲೆಕ್ಕದ ಪ್ರತಿ ತೆಗೆದಿಡುತ್ತದೆ. ಅವತ್ತೂ ತೆಗೆದಿದೆ, ರದ್ದಾಗುವುದಕ್ಕೆ ಒಂದು ತಾಸು ಮೊದಲು. ಆ ಪ್ರತಿಯಲ್ಲಿ ಮಾಸ್ತರರ ಬಿಲ್ಲು ಇನ್ನೂ ಚಾಲ್ತಿಯಲ್ಲಿದೆ. ಮೇಡಂ ಅದರಿಂದ ಏನೂ ಆಗುವುದಿಲ್ಲ, ಇರಲಿ ಎನ್ನುತ್ತಾರೆ. ಅಳಿಸಿದರೆ ಏನನ್ನು ಅಳಿಸಿದ ಹಾಗಾಗುತ್ತದೋ ಎಂದು ನಾನೂ ಮುಟ್ಟಿಲ್ಲ. ಆದರೆ ಮಷಿನ್ನು ಕೆಟ್ಟು ಹಳೆಯ ಪ್ರತಿಯನ್ನು ಮತ್ತೆ ಏರಿಸುವ ಸಂದರ್ಭ ಬಂದರೆ, ನನ್ನ ಮಾತು ಕೇಳಿ: ಮೊದಲು ಅದರಲ್ಲಿರುವವರ ಮನೆಗೆ ಒಂದು ಸಲ ಹೋಗಿ ಬನ್ನಿ. ಚಹಾ ಕೊಟ್ಟರೆ ಕುಡಿಯಿರಿ. ಎಲ್ಲರನ್ನೂ ಕಣ್ಣಾರೆ ನೋಡಿ ಬಂದ ಮೇಲೆ ಗುಂಡಿ ಒತ್ತಿ.