ಹುಮನಾಬಾದಿನ ಕಪಾಟಿನಲ್ಲಿ ಒಂದು ಕಾಂಡ್ಲಾ ಹಳ್ಳ

ಬೆಳಗಿನ ಆರು ಗಂಟೆ. ಹುಮನಾಬಾದಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಮೊಹಿನುದ್ದೀನ್ ಗಾಜಿನ ಸೀಸೆಗಳ ಮುಚ್ಚಳ ಬಿಚ್ಚುತ್ತಿದ್ದಾರೆ. ಒಳಗಿನದು ಕೊಳೆಯದಂತೆ, ಆರಿದಷ್ಟು ಫಾರ್ಮಾಲಿನ್ ಸುರಿದು, ಕೆಮ್ಮುತ್ತ ಮತ್ತೆ ಮುಚ್ಚುತ್ತಾರೆ. ದಿನಕ್ಕೆ ಇಪ್ಪತ್ತು ಸೀಸೆ. ತಳದಲ್ಲಿ ಬೂದು ಬಣ್ಣದ ಗಸಿ.

"ಮಣ್ಣಲ್ರಿ ಅದು, ಜೀವ ಇದ್ದದ್ದು. ಮೈಕ್ರೋಸ್ಕೋಪದಾಗ ನೋಡಿದ್ರ ಕಾಲು, ಮೀಸಿ, ತತ್ತಿ ಸೈತ ಕಾಣ್ತಾವ."

ಇವು ಪ್ರಾಣಿ ಪ್ಲವಕಗಳು. ನೀರು ಒಯ್ದತ್ತ ತೇಲುವ, ಮೀನುಮರಿಗಳಿಗೆ ಆಹಾರವಾಗುವ ಸೂಕ್ಷ್ಮ ಜೀವಿಗಳು. ಸಿಕ್ಕಿದ್ದು ದೂರದ ಕರಾವಳಿಯಲ್ಲಿ, ಉಪ್ಪುನೀರಿನಲ್ಲಿ ಬೇರೂರುವ ಕಾಂಡ್ಲಾ ಗಿಡಗಳ ನಡುವಿನ ಹಳ್ಳದಲ್ಲಿ. ಸಮುದ್ರವನ್ನೇ ಕಂಡಿರದ, ಹುಮನಾಬಾದಿಗೆ ಹತ್ತಿರದ ಹುಡಗಿ ಗ್ರಾಮದ ಮೊಹಿನುದ್ದೀನ್ 1991ರಲ್ಲಿ ಸಂಶೋಧನಾ ತಂಡವೊಂದರ ಕೂಲಿಯಾಗಿ ಅಲ್ಲಿಗೆ ಹೋದರು. ಎಂಟು ವರ್ಷ, ತಿಂಗಳಿಗೆ ನಾಲ್ಕು ಉಬ್ಬರ, ಎದೆಮಟ್ಟದ ನೀರಿನಲ್ಲಿ ಬಲೆ ಎಳೆದರು. ನೀರಿನ ಉಪ್ಪು, ಬಿಸಿ ಅಳೆದು, ತಾರೀಖಿನ ಸಮೇತ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಸೀಸೆಗೆ ಹಾಕಿದರು. ಬರೆಯಲು ಬರುವುದು ಉರ್ದು ಮಾತ್ರ.

1995ರಲ್ಲಿ ಹಳ್ಳದ ಬಾಯಿಗೆ ಒಡ್ಡು ಬಿತ್ತು. ಕಾಂಡ್ಲಾ ಕಡಿದು ಸೀಗಡಿ ಹೊಂಡ ತೋಡಿದರು.

"ಮೊದಲ ಒಂದ್ ಚಮಚಾ ಗಸಿಯಾಗ ನಾಕ್ನೂರು ಎಣಿಸ್ತಿದ್ದೆ. ಆಮ್ಯಾಲ ಮೂವತ್ತು. ಕಡೀಕ ಬಲಿ ಖಾಲಿನೇ ಬರಾಕತ್ತಿತು. ತಂಡದ ಸಾಹೇಬ್ರು ಅದನ್ನೂ ಬರಿ ಅಂದ್ರು. ಸೊನ್ನಿ ಬರದೆ."

1999ರಲ್ಲಿ ಅಧ್ಯಯನ ನಿಂತಿತು. ಸೀಸೆ ಚೆಲ್ಲಲು ಹೇಳಿದರೆ ಇವರು ಹುಲ್ಲು ಸುತ್ತಿ ಬಸ್ಸಿನಲ್ಲಿ ಊರಿಗೆ ತಂದರು. ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ ಅವು ಇಲ್ಲಿನ ಕಪಾಟು ಸೇರಿದವು. ತಂದದ್ದು 310; ಒಡೆದು, ಒಣಗಿ ಉಳಿದದ್ದು 188.

ಈ ವರ್ಷ, 2004ರಲ್ಲಿ, ಬಸವಕಲ್ಯಾಣದ ಉಪನ್ಯಾಸಕಿ ಜಯಮಾಲಾ ಅವನ್ನು ಎಣಿಸತೊಡಗಿದ್ದಾರೆ. "ಒಡ್ಡಿನ ಮೊದಲು ಹನ್ನೆರಡು ಜಾತಿ, ಆಮ್ಯಾಲ ಎರಡೇ. ಹಳ್ಳ ಹ್ಯಾಂಗಿತ್ತು ಅನ್ನಾಕ ಬ್ಯಾರೆ ಸಾಕ್ಷಿ ಇಲ್ರಿ," ಎನ್ನುತ್ತಾರೆ ಅವರು. ಆದರೆ ಮೊಹಿನುದ್ದೀನರ ಕಣ್ಣಿಗೆ ಪೊರೆ ಬಂದಿದೆ. ತಾವೇ ಬರೆದ ಚೀಟಿ ಅವರಿಗೀಗ ಕಾಣುವುದಿಲ್ಲ; ಜಯಮಾಲಾ ಅವರಿಗೆ ಉರ್ದು ಬಾರದು.

ಪತ್ನಿ ಹಜಿರಾ ಬೀ ಅವರಿಗೆ ಉರ್ದು ಓದಲು ಬರುತ್ತದೆ. ಆದರೆ ಅವರು ಈ ಸೀಸೆಗಳನ್ನು ಮುಟ್ಟಿದವರಲ್ಲ. 1993ರ ಜನವರಿಯಲ್ಲಿ ನಾಲ್ಕು ವರ್ಷದ ಮಗಳು ಮೀನಾಜ್ ಜ್ವರದಿಂದ ತೀರಿಕೊಂಡಳು. ತಂತಿ ತಲುಪಿದ್ದು ಉಬ್ಬರದ ಹೊತ್ತಿಗೆ. ಮೊಹಿನುದ್ದೀನ್ ಬಲೆ ಎಳೆದು, ಚೀಟಿ ಬರೆದು, ಆಮೇಲೆ ಬಸ್ ಹತ್ತಿದರು. ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಕಳೆದ ವಾರ ಹಜಿರಾ ಬೀ ತಾವಾಗಿಯೇ ಬಂದು ಕೂತು ಚೀಟಿ ಓದಲು ಶುರುಮಾಡಿದರು. ಮೂರನೇ ದಿನ ಆ ಜನವರಿಯ, ತಂತಿ ಬಂದ ದಿನದ ಸೀಸೆ ಕೈಗೆ ಬಂತು. ತಾರೀಖನ್ನು ಎರಡು ಸಲ ಓದಿದರು. ಆಮೇಲೆ ನೀರಿನ ಉಪ್ಪು ಓದಿದರು, ಬಿಸಿ ಓದಿದರು.

"ಮುಂದಿಂದು ಕೊಡ್ರಿ ಅಂದ್ಳು," ಎನ್ನುತ್ತಾರೆ ಮೊಹಿನುದ್ದೀನ್. "ಎಲ್ಲಾ ಓದಿ ಮುಗೀಲಿ. ಆಮ್ಯಾಲ ನನಗ ಬ್ಯಾರೇನೂ ಬ್ಯಾಡ್ರಿ."