ಮಂಜಿನ ಗೋಪುರದಲ್ಲಿ ನಲವತ್ತೊಂದು ಗಂಟೆ

ಶುಕ್ರವಾರ ಬೆಳಗ್ಗೆ ಒಂಬತ್ತೂಕಾಲಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಎರಡೂ ಕೈ ತೂರಿಸಿ ಕುಳಿತಿದ್ದ ಆಕೆ ಸಲೈನ್ ಚೀಲಕ್ಕೆ ಅಂಟಿಸಿದ ಚೀಟಿಯನ್ನು ಗಟ್ಟಿಯಾಗಿ ಓದಿದಳು. ರೋಗಿಯ ಸಂಖ್ಯೆ, ಔಷಧದ ಹೆಸರು, ಎಷ್ಟು ಮಿಲಿಲೀಟರ್. ಪಕ್ಕದಲ್ಲಿ ನಿಂತವನು ಅಷ್ಟನ್ನೂ ತಿರುಗಿ ಹೇಳಬೇಕು. ಆಮೇಲಷ್ಟೇ ಸೂಜಿ ಚೀಲಕ್ಕೆ ಇಳಿಯಬೇಕು. ಅದು ಅಲ್ಲಿನ ಕ್ರಮ. ಆ ಕೆಲಸಕ್ಕಾಗಿಯೇ ಅವನಿಗೆ ಎರಡನೇ ಕಣ್ಣು ಎಂಬ ಅಡ್ಡಹೆಸರು.

ಅವನು ತಿರುಗಿ ಹೇಳಲಿಲ್ಲ. “ಇದಕ್ಕೆ ಆಗ್ಲೇ ಹಾಕಿದ್ರಲ್ಲ ಅಕ್ಕ,” ಎಂದ.

ಖಾಲಿ ಸಿರಿಂಜು ಆಕೆಯ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು. “ನಿಂಗೆ ನಿದ್ದೆ ಬಿಟ್ಟಿದ್ಯೋ ಇಲ್ವೋ ನೋಡ್ದೆ,” ಎಂದಳು. ಹಾಗಾದ್ರೆ ಪಾಸಾ ಎಂದು ಅವನು ನಕ್ಕ. ಆಕೆಯೂ ನಕ್ಕಳು.

ಕ್ಯಾನ್ಸರ್ ರೋಗಿಗಳ ಔಷಧ ಬೆರೆಸುವುದು ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ. ಒಂದೇ ಚೀಲಕ್ಕೆ ಎರಡು ಸಲ ಹಾಕಿದರೆ ಮಲಗಿದವರು ಏಳುವುದಿಲ್ಲ. ಆ ತಿಂಗಳಲ್ಲಿ ಇಂಥ ತಮಾಷೆಯಿಂದ ಆಕೆ ಪಾರಾದದ್ದು ಇದು ಮೂರನೆಯ ಸಲ.

ಆಕೆಗೆ ನಲವತ್ತಾರು. ಅಂಚೆ ವಿಂಗಡಿಸುತ್ತಿದ್ದ ತಾಯಿಗೆ ನಲವತ್ತೆಂಟರಲ್ಲಿ ಮರೆವು ಶುರುವಾಗಿ, ಐವತ್ತಮೂರರ ಹೊತ್ತಿಗೆ ಮಗಳ ಗುರುತೂ ಹೋಗಿತ್ತು. ಹಾಗಾಗಿ ಮೊದಲ ಸಲ ಎಡವಿದಾಗಲೇ ಆಕೆ ವೈದ್ಯರ ಬಳಿ ಹೋಗಬಹುದಿತ್ತು. ಹೋಗಲಿಲ್ಲ. ಅಟ್ಟದ ಮೇಲಿದ್ದ ಹಳೆಯ ವಿಡಿಯೊ ಗೇಮ್ ಯಂತ್ರವನ್ನು ಇಳಿಸಿಕೊಂಡಳು.

ಅದರಲ್ಲೊಂದು ಜಪಾನಿ ಆಟವಿತ್ತು. ನಾಲ್ವರು ಪಯಣಿಗರು ಊರೂರು ಸುತ್ತಿ, ರಾಕ್ಷಸರೊಡನೆ ಸರದಿ ಪ್ರಕಾರ ಹೊಡೆದಾಡಿ, ಬಲ ಗಳಿಸುತ್ತ ಹೋಗುವ ದೀರ್ಘ ಕಥೆ. ಹದಿಮೂರರ ವಯಸ್ಸಿನಲ್ಲಿ ಆಕೆ ಅದನ್ನು ಒಂಬತ್ತು ಸಲ ಮುಗಿಸಿದ್ದಳು. ನಡುವೆ ಬರುವ ಮಂಜಿನ ಗೋಪುರಕ್ಕೆ ಏಳು ಅಂತಸ್ತು, ಅರವತ್ತು ಬಾಗಿಲು. ತಪ್ಪು ಬಾಗಿಲು ತೆರೆದರೆ ಸೀದಾ ನೆಲಕ್ಕೆ. ಅಣ್ಣ ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದುಕೊಂಡು ಹತ್ತುತ್ತಿದ್ದ, ಆಕೆಗೆ ನಕ್ಷೆ ಬೇಕಿರಲಿಲ್ಲ. ಈಗಲೂ ನಕ್ಷೆಯಿಲ್ಲದೆ ಹತ್ತಿದರೆ ತಲೆ ನೆಟ್ಟಗಿದೆ ಎಂದರ್ಥ. ಪರೀಕ್ಷೆಯನ್ನು ತಾನೇ ಇಟ್ಟುಕೊಂಡಳು. ಗಂಡನಿಗೆ ಹೇಳಿದ್ದು ಮಾತ್ರ, ಹಳೇ ಆಸೆ ಅಂತ.

ಮರುದಿನ, ಶನಿವಾರ, ತಿಂಡಿ ಮುಗಿಸಿ ಟಿವಿ ಮುಂದೆ ಕುಳಿತಳು. ಪಯಣಿಗರು ಗೋಪುರದ ಬಾಗಿಲಲ್ಲೇ ನಿಂತಿದ್ದರು. ಇಪ್ಪತ್ತು ನಿಮಿಷದಲ್ಲಿ ಏಳನೆಯ ಅಂತಸ್ತು. ಒಂದು ಬಾಗಿಲೂ ತಪ್ಪಲಿಲ್ಲ. ಹೆಬ್ಬೆರಳು ತಾನಾಗಿ ಎಡಕ್ಕೆ, ಬಲಕ್ಕೆ ಹೋಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಂದೇ ಒಂದು ಕಿರಿಕಿರಿ ಎಂದರೆ, ಮೂರನೆಯ ಅಂತಸ್ತಿನ ಗೋಡೆಯ ಹಿಂದೆ ಕತ್ತಿ ಇರಬೇಕಾಗಿದ್ದ ಪೆಟ್ಟಿಗೆ ಖಾಲಿಯಾಗಿತ್ತು, ಯಾರೋ ಆಗಲೇ ತೆಗೆದುಕೊಂಡಿದ್ದರು.

ಬಡಗಿ ಗಂಡ ಊಟದ ಮೇಜಿನಲ್ಲಿ ಕಿಟಕಿಯೊಂದರ ಅಳತೆ ಬರೆಯುತ್ತಿದ್ದ. ಕದ್ದು ಆಡೋ ವಯಸ್ಸೇ ಇದು, ಕೇಳಿದ್ರೆ ಕೊಡ್ತಿರ್ಲಿಲ್ವಾ ಎಂದು ಆಕೆ ಛೇಡಿಸಿದಳು. ಯಾವ ಗುಂಡಿ ಒತ್ತಿದ್ರೆ ಏನಾಗುತ್ತೆ ಅಂತಾನೇ ತನಗೆ ಗೊತ್ತಿಲ್ಲ ಎಂದು ಅವನು ತಲೆಯೆತ್ತದೆ ಹೇಳಿದ. ಕಳ್ಳನನ್ನು ಹಿಡಿದೇ ಬಿಡುವ ಹುರುಪಿನಲ್ಲಿ ಆಕೆ ಆಟ ಉಳಿಸಿಟ್ಟ ಫೈಲಿನ ವಿವರ ತೆರೆದಳು. ಆಡಿದ ಒಟ್ಟು ಸಮಯ: ನಲವತ್ತೊಂದು ಗಂಟೆ. ಆಕೆಯ ನೆನಪಿನ ಪ್ರಕಾರ ಆಟಕ್ಕೆ ಕುಳಿತದ್ದು ನಾಲ್ಕು ಸಲ. ಹೆಚ್ಚೆಂದರೆ ಹತ್ತು ಗಂಟೆ.

“ನಾನಲ್ಲದೆ ಮತ್ಯಾರು ಆಡಿದ್ದು?”

ಗಂಡ ಪೆನ್ಸಿಲ್ ಕೆಳಗಿಟ್ಟ. “ನೀನೇ. ಮೂರು ವಾರ ಆಯ್ತು, ಕೆಲ್ಸದಿಂದ ಬಂದ ತಕ್ಷಣ ಕೂತ್ಕೋತೀಯ.”

“ಈ ಗೋಪುರನಾ?”

“ಇದನ್ನೇ. ಹತ್ತುತ್ತೀಯ, ಇಳಿದು ಬಾಗಿಲ ಹತ್ರ ಬಂದು ನಿಲ್ಲಿಸ್ತೀಯ. ‘ನೋಡಿದ್ರಾ, ಒಂದೂ ತಪ್ಪಲಿಲ್ಲ’ ಅಂತೀಯ. ದಿನಾ ಅದೇ ಮಾತು. ಆಟ ಅಂದ್ರೇನೇ ಹಾಗಿರುತ್ತೆ ಅಂದ್ಕೊಂಡಿದ್ದೆ ನಾನು.”

ಪರದೆಯ ಮೇಲೆ ನಾಲ್ವರು ಪಯಣಿಗರು ಇದ್ದಲ್ಲೇ ಹೆಜ್ಜೆ ಹಾಕುತ್ತಿದ್ದರು. ಆಟದ ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

“ಅಮ್ಮನಿಗೂ ಹಳೇದೇನೂ ಹೋಗಿರ್ಲಿಲ್ಲ,” ಎಂದಳು ಆಕೆ. ತಾಯಿ ಮೂವತ್ತು ವರ್ಷದ ಹಿಂದಿನ ಅಂಚೆ ಕಚೇರಿಗಳನ್ನೆಲ್ಲ ಸಾಲಾಗಿ ಹೇಳುತ್ತಿದ್ದಳು. ಆಗತಾನೇ ಊಟ ಮಾಡಿದ್ದು ಮಾತ್ರ ಗೊತ್ತಿರುತ್ತಿರಲಿಲ್ಲ.

ಆಮೇಲೆ ಆಕೆ ಚೀಲದ ವಿಷಯ ಹೇಳಿದಳು, ಮೂರೂ ಸಲದ್ದು. ಗಂಡ ಕೂಗಾಡಲಿಲ್ಲ. ಸೋಮವಾರವೇ ವಿಭಾಗದ ಮುಖ್ಯಸ್ಥರಿಗೆ ಹೇಳಬೇಕು, ವೈದ್ಯರು ನೋಡುವವರೆಗೆ ರಜೆ ಹಾಕಬೇಕು ಎಂದ. ಆಕೆ ಒಪ್ಪಲಿಲ್ಲ. ವೈದ್ಯರು ಬರೆದುಕೊಡುವ ಮುಂಚೆ ಬಾಯಿ ಬಿಟ್ಟರೆ ಹತ್ತೊಂಬತ್ತು ವರ್ಷ ಒಂದೇ ದಿನದಲ್ಲಿ ನೀರುಪಾಲು ಎಂದಳು. ಔಷಧ ಬೆರೆಸಲು ಬರುವವರು ಇರುವುದೇ ಮೂವರು, ಒಬ್ಬಳು ಬಾಣಂತಿ ರಜೆಯಲ್ಲಿದ್ದಾಳೆ ಎಂದೂ ಸೇರಿಸಿದಳು.

“ಯಾರಿಗಾದ್ರೂ ಏನಾದ್ರೂ ಆದ್ರೆ?” ಎಂದ ಗಂಡ.

“ಮೂರು ದಿನದಲ್ಲಿ ಏನಾಗುತ್ತೆ?”

ನರರೋಗ ತಜ್ಞರು ಸಿಗುವುದು ಗುರುವಾರ. ಸೋಮವಾರದಿಂದ ಬುಧವಾರದವರೆಗೆ ಆಕೆಗೆ ಬೆಳಗ್ಗೆ ಏಳರ ಪಾಳಿ; ಸೋಮವಾರದ ಪಟ್ಟಿಯಲ್ಲಿ ಹದಿನಾಲ್ಕು ಚೀಲಗಳಿವೆ.